ನೋಟಿಸಿಗೆ ಕನ್ನಡದಲ್ಲೇ ಉತ್ತರ ಬರೆಯಿರಿ

ಪ್ರಶ್ನೆ: ನಗರಸಭೆಯ ವ್ಯಾಪ್ತಿಯಲ್ಲಿ ಸಣ್ಣದೊಂದು ಚಹಾ ಹೋಟೆಲು ನಡೆಸುತ್ತಿದ್ದೇನೆ. ಮಳೆನೀರು ಒಳಗೆ ಹೊಡೆಯದಿರಲೆಂದು ಎದುರಿಗೆ ಕಬ್ಬಿಣದ ಕಂಬ ನೆಟ್ಟು ಶೀಟು ಹಾಕಿಸಿದ್ದೆ. ಕಳೆದ ತಿಂಗಳ ಕೌನ್ಸಿಲ್ ಸಭೆಯಲ್ಲಿ ಇಂತಹ ಶೀಟುಗಳನ್ನೆಲ್ಲ ತೆಗೆಸಬೇಕೆಂದು ಕೆಲವರು, ಮಳೆಗಾಲ ಕಳೆಯುವವರೆಗೆ ಬಿಡಬೇಕೆಂದು ಕೆಲವರು ವಾದಿಸಿದರಂತೆ. ಈಗ ಮಲಯಾಳದಲ್ಲಿ ನೋಟಿಸು ಬಂದಿದೆ. ನನಗೆ ಆ ಲಿಪಿ ಓದಲು ಬರುವುದಿಲ್ಲ. ವಾರ್ಡಿನ ಕೌನ್ಸಿಲರ್ ‘ನಾನು ನೋಡಿಕೊಳ್ಳುತ್ತೇನೆ, ನೀವು ಸುಮ್ಮನಿರಿ’ ಎಂದಿದ್ದಾರೆ. ಸುಮ್ಮನಿರಬಹುದೇ?
– ಹೋಟೆಲು ಮಾಲಕ, ಕಾಸರಗೋಡು ಜಿಲ್ಲೆ

ಉತ್ತರ: ದಯವಿಟ್ಟು ಸುಮ್ಮನಿರಬೇಡಿ. ಗಡಿನಾಡಿನ ಸ್ಥಳೀಯಾಡಳಿತ ಕಚೇರಿಯೊಂದರ ಟಪಾಲು ಮೇಜಿನಲ್ಲಿ ಕುಳಿತು ನೌಕರಿ ಮುಗಿಸಿದವನು ನಾನು. ಕಟ್ಟಡ ಕಳೆದುಕೊಂಡವರಲ್ಲಿ ಹೆಚ್ಚಿನವರ ಕಡತದಲ್ಲಿ ಅವರ ಕೈಬರಹದ ಒಂದು ಸಾಲೂ ಇರುತ್ತಿರಲಿಲ್ಲ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಸಭೆಯಲ್ಲಿ ಯಾರು ಏನು ವಾದಿಸಿದರೂ ನಿಮಗೆ ನೋಟಿಸು ಕೊಟ್ಟವರು ನಗರಸಭೆಯ ಕಾರ್ಯದರ್ಶಿ. 1994ರ ಕೇರಳ ಮುನಿಸಿಪಾಲಿಟಿ ಕಾಯಿದೆಯ 406ನೇ ಸೆಕ್ಷನ್ ಆ ಅಧಿಕಾರವನ್ನು ಅವರಿಗೆ ಕೊಟ್ಟಿದೆ. ಮೊದಲು ಬರುವುದು ತಾತ್ಕಾಲಿಕ ಆದೇಶ. ಅದನ್ನು ಏಕೆ ಖಾಯಂ ಮಾಡಬಾರದೆಂದು ಕಾರಣ ಕೇಳುವ ನೋಟಿಸು ಜೊತೆಗಿರುತ್ತದೆ. ನೀವು ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ಆದೇಶ ಖಾಯಂ ಆಗುತ್ತದೆ. ಕೌನ್ಸಿಲರ್ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಕಡತ ಸೇರುವುದಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಅವಧಿ ದಾಟಿದ ಮೇಲೆ ನಷ್ಟ ಅನುಭವಿಸಬೇಕಾದವರು ನೀವು.

ಉತ್ತರವನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಧಾರಾಳವಾಗಿ ಬರೆಯಿರಿ. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನಮಗೆ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸ್ಥಳೀಯ ಕಚೇರಿಗಳೊಡನೆ ಕನ್ನಡಿಗರೂ ತಮಿಳರೂ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಮರುಪತ್ರವೂ ಅದೇ ಭಾಷೆಯಲ್ಲಿರಬೇಕು ಎಂದು ಕೇರಳದ ಅಧಿಕೃತ ಭಾಷಾ ಕಾಯಿದೆಯೂ ಹೇಳುತ್ತದೆ. 1956ರ ನವೆಂಬರ್ 1ರಂದು ಗಡಿ ಬದಲಾಯಿತೇ ಹೊರತು ಇಲ್ಲಿಯ ಮನೆಮಾತುಗಳು ಬದಲಾಗಲಿಲ್ಲ. ಈ ಹಕ್ಕನ್ನು ಬಳಸದೆ ಬಿಟ್ಟರೆ, ಕನ್ನಡ ಬಲ್ಲ ಗುಮಾಸ್ತರು ಇಲ್ಲಿಗೆ ಏಕೆ ಬೇಕು ಎಂದು ನಾಳೆ ಮೇಲಿನವರು ಕೇಳಿಯಾರು.

ಇವತ್ತೇ ಮಾಡಬೇಕಾದ ಕೆಲಸವಿದೆ. ಮಲಯಾಳ ಬಲ್ಲವರಿಂದ ನೋಟಿಸನ್ನು ಪೂರ್ತಿ ಓದಿಸಿ, ಕಡತದ ನಂಬ್ರ, ತಾರೀಕು, ಉತ್ತರಕ್ಕೆ ಕೊಟ್ಟ ಅವಧಿ ಬರೆದಿಟ್ಟುಕೊಳ್ಳಿ. ಚರಂಡಿಯ ಅಂಚಿನಿಂದ ಕಂಬದ ಬುಡದವರೆಗೆ ಟೇಪು ಹಿಡಿದು ಅಳೆಯಿರಿ, ಟೇಪಿನ ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ಕಂಬ ನಿಂತದ್ದು ನಿಮ್ಮ ಜಾಗದಲ್ಲೋ ರಸ್ತೆಯ ಜಾಗದಲ್ಲೋ ಎಂಬುದರ ಮೇಲೆಯೇ ಉಳಿದದ್ದೆಲ್ಲ ನಿಂತಿದೆ. ಸ್ವಂತ ಜಾಗದಲ್ಲಿದ್ದು 2019ರ ಕಟ್ಟಡ ನಿಯಮಗಳಿಗೆ ಹೊಂದುವುದಾದರೆ ಶುಲ್ಕ ಕಟ್ಟಿ ಸಕ್ರಮಗೊಳಿಸಲು ಅರ್ಜಿ ಹಾಕಿ, ಆ ವಿಷಯವನ್ನು ಉತ್ತರದಲ್ಲಿ ತಿಳಿಸಿ. ರಸ್ತೆಯ ಜಾಗಕ್ಕೆ ಚಾಚಿದ್ದರೆ ಅಷ್ಟು ಭಾಗವನ್ನು ನೀವೇ ತೆಗೆಯಿರಿ. ಕಣ್ಣು ಕಾಣದವರೂ ಮಕ್ಕಳೂ ನಡೆಯುವ ದಾರಿಯದು, ಇದರಲ್ಲಿ ನಾನು ನಿಮ್ಮ ಪರ ವಾದಿಸಲಾರೆ.

ಉತ್ತರವನ್ನು ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರಲ್ಲಿ ಮೊಹರು, ತಾರೀಕು, ಸಹಿ ಹಾಕಿಸಿಕೊಳ್ಳಿ. ಮೊಹರು ಮಸುಕಾಗಿ ಬಿದ್ದರೆ ಇನ್ನೊಮ್ಮೆ ಒತ್ತಿಸಿಕೊಳ್ಳಲು ಸಂಕೋಚ ಬೇಡ. ಆದೇಶ ಖಾಯಂ ಆದರೆ ತಿರುವನಂತಪುರದಲ್ಲಿರುವ ಸ್ಥಳೀಯಾಡಳಿತ ಸಂಸ್ಥೆಗಳ ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬೇಕಾಗುತ್ತದೆ. ಅಲ್ಲಿ ಮೊದಲು ಬೇಕಾಗುವುದು ಆ ಮೊಹರು ಬಿದ್ದ ಪ್ರತಿ.

ಪ್ರಶ್ನೆ: ಅಮ್ಮ ಬಸ್ ನಿಲ್ದಾಣದ ಬಳಿ ಬಸಳೆ, ಹರಿವೆ, ಮುಳ್ಳುಸೌತೆ ಮಾರುತ್ತಾರೆ. ಮೊನ್ನೆ ನಗರಸಭೆಯವರು ಸೊಪ್ಪು ತರಕಾರಿಯನ್ನು ಬುಟ್ಟಿ ಸಮೇತ ವಾಹನಕ್ಕೆ ಹಾಕಿ ಕೊಂಡೊಯ್ದರು. ಚೀಟಿಯೂ ಕೊಡಲಿಲ್ಲ. ಕೇಳುವ ದಾರಿ ಇದೆಯೇ?
– ಓದುಗಳು, ಗಡಿನಾಡು

ಉತ್ತರ: ಇದೆ ತಂಗಿ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ, ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಈಗಾಗಲೇ ವ್ಯಾಪಾರ ಮಾಡುತ್ತಿರುವವರನ್ನು ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸಬೇಕಾದರೆ 30 ದಿನಗಳ ನೋಟಿಸು ಕೊಡಬೇಕು. ಸಾಮಾನು ವಶಪಡಿಸಿಕೊಂಡರೆ ಪಟ್ಟಿ ಮಾಡಿ ಪ್ರತಿ ಕೊಡಬೇಕು. ಕೊಳೆಯುವ ಸರಕಾದರೆ, ಶುಲ್ಕ ಕಟ್ಟಿ ಕೇಳಿದ ದಿನವೇ ಮರಳಿಸಬೇಕು. ಸೊಪ್ಪು ಸಂಜೆಗೆ ಬಾಡುತ್ತದೆ ಎಂಬುದು ಕಾಯಿದೆ ಬರೆದವರಿಗೂ ಗೊತ್ತಿತ್ತು ಎಂಬುದೇ ನನಗೊಂದು ಸಮಾಧಾನ. ಇಷ್ಟನ್ನೂ ಬರೆದು ಕಾರ್ಯದರ್ಶಿಗೆ ಕೊಡಿ. ನಿಮ್ಮ ನಗರಸಭೆಯ ಬೀದಿ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇಕಡಾ 40ಕ್ಕೆ ಕಡಿಮೆ ಇರಬಾರದು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಆ ಪ್ರತಿನಿಧಿಗಳ ಹೆಸರು ಕೇಳಿ ಪಡೆದು, ಅಮ್ಮನನ್ನು ಕರೆದುಕೊಂಡು ಹೋಗಿ ಭೇಟಿಯಾಗಿ.

ಪ್ರಶ್ನೆ: ನಗರಸಭೆಯ ಕೌನ್ಸಿಲ್ ಸಭೆಯಲ್ಲಿ ನಮ್ಮ ಬೀದಿಯ ವಿಷಯ ಬಂತೋ ಇಲ್ಲವೋ ಎಂದು ತಿಳಿಯುವುದು ಹೇಗೆ?
– ನಿವೃತ್ತ ಅಧ್ಯಾಪಕ

ಉತ್ತರ: ಮಾಷ್ಟ್ರೇ, ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿ, ಇಂಥ ದಿನದ ಸಭೆಯ ನಡಾವಳಿಯ ಪ್ರತಿ ಬೇಕೆಂದು ಬರೆಯಿರಿ. 30 ದಿನಗಳೊಳಗೆ ಉತ್ತರ ಕೊಡಬೇಕು. ಅದಕ್ಕೂ ಮೊದಲು ವಾರ್ಡಿನ ಮತದಾರರೆಲ್ಲ ಸೇರುವ ವಾರ್ಡ್ ಸಭೆಗೆ ಹೋಗಿ. ಒಂದು ಲಕ್ಷ ಮೀರದ ಜನಸಂಖ್ಯೆಯ ನಗರಸಭೆಗಳಲ್ಲಿ ಅದು ಮೂರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಕರೆಯಬೇಕಾದವರು ನಿಮ್ಮ ಕೌನ್ಸಿಲರೇ. ಬೀದಿಯ ದೀಪವಾಗಲಿ ಚರಂಡಿಯಾಗಲಿ, ನೀವು ಹೇಳಿದ್ದನ್ನು ಪುಸ್ತಕದಲ್ಲಿ ಬರೆದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಸಹಿ ಹಾಕಿ.