ಅಪಾಯಕ್ಕೆ ಒಡ್ಡುವುದು, ಪಣಕ್ಕಿಡುವುದು

ಪ್ರಶ್ನೆ: ‘ಚಾಲಕನು ಪ್ರಯಾಣಿಕರ ಪ್ರಾಣವನ್ನು ಅಪಾಯಕ್ಕೆ ಒಡ್ಡಿದನು’, ‘ಪ್ರಯಾಣಿಕರ ಪ್ರಾಣಕ್ಕೆ ಅಪಾಯ ತಂದೊಡ್ಡಿದನು’, ‘ಪ್ರಯಾಣಿಕರ ಪ್ರಾಣವನ್ನು ಪಣಕ್ಕಿಟ್ಟನು’ ಎಂಬ ಮೂರು ಬಗೆಯ ವಾಕ್ಯಗಳನ್ನೂ ಓದಿದ್ದೇನೆ. ಇವುಗಳಲ್ಲಿ ಯಾವುದು ಸರಿ? ಕೊನೆಗೆ ಯಾರಿಗೂ ಏನೂ ಆಗದಿದ್ದರೂ ‘ಅಪಾಯಕ್ಕೆ ಒಡ್ಡಿದನು’ ಎನ್ನಬಹುದೆ?

ಉತ್ತರ: ಮೊದಲ ಎರಡೂ ಸರಿಯೇ. ‘ಒಡ್ಡು’ ಎಂದರೆ ಮುಂದಕ್ಕೆ ಚಾಚು, ಎದುರಿಗೆ ಹಿಡಿ ಎಂದರ್ಥ. ಕೈಯೊಡ್ಡುವುದು, ಸೆರಗೊಡ್ಡುವುದು, ಗುಂಡಿಗೆ ಎದೆಯೊಡ್ಡುವುದು, ಇವೆಲ್ಲವುಗಳಲ್ಲಿಯೂ ಇರುವುದು ಆ ಚಾಚುವಿಕೆಯೇ. ಆದ್ದರಿಂದ ಪ್ರಾಣವನ್ನು ಅಪಾಯದ ಎದುರಿಗೆ ಒಡ್ಡಲೂಬಹುದು, ಅಪಾಯವನ್ನು ಪ್ರಾಣದ ಎದುರಿಗೆ ತಂದೊಡ್ಡಲೂಬಹುದು. ದ್ವಿತೀಯಾ ಮತ್ತು ಚತುರ್ಥೀ ವಿಭಕ್ತಿಗಳು ಸ್ಥಾನ ಬದಲಿಸಿಕೊಳ್ಳುತ್ತವೆ. ಆದರೆ ಭಾವ ಒಂದೇ ಅಲ್ಲ. ‘ಪ್ರವಾಹವು ಊರಿಗೆ ಅಪಾಯ ತಂದೊಡ್ಡಿದೆ’ ಎಂಬ ಮಾತು ಸಹಜವಾಗಿದೆ. ‘ಪ್ರವಾಹವು ಊರನ್ನು ಅಪಾಯಕ್ಕೆ ಒಡ್ಡಿದೆ’ ಎಂದರೆ ಕಿವಿಗೆ ತುಸು ಒರಟಾಗುತ್ತದೆ, ಏಕೆಂದರೆ ಒಂದನ್ನು ಅಪಾಯಕ್ಕೆ ಒಡ್ಡಬೇಕಾದರೆ ಅದು ಮೊದಲು ಒಡ್ಡುವವನ ವಶದಲ್ಲಿ, ಅವನನ್ನು ನಂಬಿಕೊಂಡು ಇರಬೇಕು. ಪ್ರಯಾಣಿಕರು ಚಾಲಕನನ್ನು ನಂಬಿ ಕುಳಿತವರು. ಹೀಗಾಗಿ ನಿಮ್ಮ ಮೊದಲ ವಾಕ್ಯವೇ ಹೆಚ್ಚು ಸೂಕ್ತವೆಂದು ನನಗೆ ತೋರುತ್ತದೆ.

‘ಪಣಕ್ಕಿಡು’ ಜೂಜಿನ ಕಣದಿಂದ ಬಂದ ಮಾತು. ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಕೊನೆಗೆ ದ್ರೌಪದಿಯನ್ನೂ ಪಣಕ್ಕಿಟ್ಟಾಗ ಏನನ್ನು ಕಳೆದುಕೊಳ್ಳಬಹುದೆಂಬುದು ಅವನಿಗೆ ಗೊತ್ತಿತ್ತು, ಗೆಲ್ಲುವ ಆಸೆಯೂ ಇತ್ತು. ಈ ಅರಿವು ಮತ್ತು ಆಸೆ ಇಲ್ಲದ ಕಡೆ ಈ ಮಾತು ಹೊಂದುವುದಿಲ್ಲ. ಬೆಂಕಿಗೆ ನುಗ್ಗಿ ಮಗುವನ್ನು ಉಳಿಸಿದವರು ಪ್ರಾಣವನ್ನು ಪಣಕ್ಕಿಟ್ಟರು ಎನ್ನಬಹುದು. ನಿದ್ದೆಗಣ್ಣಿನಲ್ಲಿ ಬಸ್ಸು ಓಡಿಸಿದವನ ಬಗ್ಗೆ ಹಾಗೆನ್ನಲಾಗದು. ಮೊದಲು ತಲುಪಬೇಕೆಂಬ ಹಟಕ್ಕೆ ಬಿದ್ದು ತಿಳಿದೂ ತಿಳಿದೂ ತಿರುವಿನಲ್ಲಿ ಇನ್ನೊಂದು ವಾಹನವನ್ನು ಹಿಂದಿಕ್ಕಿದವನಾದರೆ ಆ ಮಾತು ಒಪ್ಪುತ್ತದೆ.

ಯಾರಿಗೂ ಏನೂ ಆಗದಿದ್ದರೂ ‘ಅಪಾಯಕ್ಕೆ ಒಡ್ಡಿದನು’ ಎನ್ನಲು ಅಡ್ಡಿಯಿಲ್ಲ. ಈ ಕ್ರಿಯಾಪದವು ಕೆಡುಕಿನ ಸಾಧ್ಯತೆಯನ್ನು ಹೇಳುತ್ತದೆಯೇ ಹೊರತು ಕೆಡುಕು ನಡೆದುಹೋಯಿತೆಂದು ಹೇಳುವುದಿಲ್ಲ. ಕಾನೂನೂ ಹೀಗೆಯೇ ನೋಡುತ್ತದೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನ ಪ್ರಕಾರ ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಇತರರ ಜೀವವನ್ನು ಅಪಾಯಕ್ಕೆ ಒಡ್ಡುವುದೇ ಅಪರಾಧ, ಗಾಯವಾದರೆ ಶಿಕ್ಷೆ ಹೆಚ್ಚುತ್ತದೆ. ಕೆಡುಕು ನಡೆದೇಹೋಗಿದ್ದರೆ ‘ಅಪಘಾತಕ್ಕೆ ಈಡಾದರು’, ‘ನಷ್ಟಕ್ಕೆ ಗುರಿಯಾದರು’ ಎಂಬ ಬೇರೆ ಮಾತುಗಳಿವೆ.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಬೇಕು. ‘ಪ್ರಯಾಣಿಕರ ಪ್ರಾಣವು ಅಪಾಯಕ್ಕೆ ಒಡ್ಡಲ್ಪಟ್ಟಿತು’ ಎಂಬ ಕರ್ಮಣಿ ವಾಕ್ಯವು ವರದಿಗಳಲ್ಲಿ ಹೆಚ್ಚುತ್ತಿದೆ. ಅದರಲ್ಲಿ ಒಡ್ಡಿದವನೇ ಕಾಣೆಯಾಗಿರುತ್ತಾನೆ. ಯಾರು ಒಡ್ಡಿದರೆಂಬುದು ತಿಳಿದಿರುವಾಗ ಕರ್ತೃವನ್ನು ಹೆಸರಿಸಿಯೇ ಬರೆಯಿರಿ. ತಿಳಿಯದಿದ್ದಾಗ ‘ಪ್ರಯಾಣಿಕರ ಪ್ರಾಣ ಅಪಾಯದಲ್ಲಿತ್ತು’ ಎಂದರೆ ಸಾಕು.