ಸಿಂಧನೂರಿನವ್ರಿಗೆ: ಕ್ರೆಡಿಟ್ ಕಾರ್ಡ್ ಬಾಕಿ, ಸಂಘದ ಸಾಲದ ಕಂತು ಎರಡೂ ಮುಗೀವಲ್ದು ಅಂದಿದ್ದಕ್ಕ
ಅರ್ಧ ಪಗಾರ ಕಟ್ಟಿದ್ರೂ ಕಾರ್ಡಿನ ಅಸಲು ಕರಗವಲ್ದು ಅಂದ್ರ ನೀವು ಬಹುಶಃ ಮಿನಿಮಮ್ ಡ್ಯೂ (ಬಿಲ್ಲಿನ್ಯಾಗ ಕಡಿಮಿ ಅಂದ್ರ ಇಷ್ಟರ ಕಟ್ರಿ ಅಂತ ಬರೆದಿರೋ ಮೊತ್ತ) ಅಷ್ಟ ಕಟ್ಟಾಕತ್ತೀರಿ, ಹಂಗಾದ್ರ ತಿಂಗಳಿಗೆ ಮೂರು ಮೂರೂವರೆ ಪರ್ಸೆಂಟ್ ಬಡ್ಡಿ ಏರ್ತಾನ ಇರ್ತದ. ಮೊದ್ಲು ಕಾರ್ಡ್ ಉಜ್ಜೋದು ನಿಲ್ಸ್ರಿ. ಆಮ್ಯಾಲ ಪೂರಾ ಬಾಕಿ ಇಎಂಐ ಮಾಡಿಕೊಡ್ರಿ ಅಂತ ಬ್ಯಾಂಕಿಗೆ ಮೇಲ್ ಹಾಕ್ರಿ, ಪಗಾರ ಸ್ಲಿಪ್ ಹಚ್ಚಿ, ತಿಂಗಳಿಗೆ ಎಷ್ಟು ಕಟ್ಟಾಕ ಆಗ್ತದಂತ ನೀವ ಅಂಕಿ ಬರೀರಿ, ಒಪ್ಪೇ ಒಪ್ತಾರ ಅನ್ನಂಗಿಲ್ಲ ಆದ್ರ ಫೋನಿನ್ಯಾಗ ಆಡಿದ ಮಾತಿಗೆ ನಾಳೆ ಸಾಕ್ಷಿ ಇರಲ್ಲ. ಸೆಟ್ಲ್‌ಮೆಂಟ್ (ಒಂದಿಷ್ಟು ಕಟ್ಟಿಸ್ಕೊಂಡು ಉಳಿದದ್ದು ಬಿಡೋದು) ಅಂದ್ರ ಲಗೂನ ಹೂಂ ಅನಬ್ಯಾಡ್ರಿ, ನಿಮ್ಮ ಸಾಲದ ದಾಖಲೆ ಇಡೋ ಸಿಬಿಲ್‌ನ್ಯಾಗ ‘ಸೆಟಲ್ಡ್’ ಅಂತ ಕುಂತ್ರ ಮುಂದ ಸಾಲ ಹುಟ್ಟೋದು ಕಷ್ಟ. ಸಂಘದ ಕಂತು ಮಾತ್ರ ತಪ್ಪಿಸಬ್ಯಾಡ್ರಿ, ಇಲ್ಲಂದ್ರ ಓಣಿ ಹೆಣ್ಮಕ್ಕಳು ನಿಮ್ಮ ಪಾಲು ತುಂಬಬೇಕಾಗ್ತದ. ಕಾರ್ಡಿನ ವಸೂಲಿಯವ್ರು ಬೆಳಿಗ್ಗೆ 8ರ ಮುಂಚೆ, ಸಂಜಿ 7ರ ಮ್ಯಾಲ ಫೋನ್ ಮಾಡಂಗಿಲ್ಲ. ಹಂಗ ಮಾಡಿದ್ರ ಬ್ಯಾಂಕಿಗೆ ದೂರು ಕೊಡ್ರಿ, ದೂರು ಕೊಟ್ಟು 30 ದಿನ ಆದ್ರೂ ಬ್ಯಾಂಕ್ ಉತ್ತರ ಕೊಡ್ಲಿಲ್ಲಂದ್ರ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮ್ಯಾಲಿನ ದೂರು ಕೇಳೋ ಅಧಿಕಾರಿಗೆ) ಹಾಕ್ರಿ, 14448ಕ್ಕ ಫೋನ್ ಮಾಡಿದ್ರ ಹೆಂಗಂತ ಹೇಳ್ತಾರ.