ದೊಡ್ಡ ಮನೆ ಬಿಟ್ಟು ರಿಟೈರ್‌ಮೆಂಟ್ ಕಮ್ಯುನಿಟಿಗೆ ಹೋಗಬೇಕಾ? ಹೋದವರ ಉತ್ತರ

ನಿಮಗೆ 66, ಯಜಮಾನರಿಗೆ 70. ನಾಲ್ಕು ರೂಮಿನ ಮನೆ, ಮಕ್ಕಳು ದೂರ. ಆಕ್ಟಿವ್ ರಿಟೈರ್‌ಮೆಂಟ್ ಕಮ್ಯುನಿಟಿಯಲ್ಲಿ, ಅಂದರೆ ಓಡಾಡಿಕೊಂಡಿರುವ ಹಿರಿಯರಿಗೆ ಅಂತಲೇ ಕಟ್ಟಿದ ಬಡಾವಣೆಯಲ್ಲಿ, ಒಂದು ಸಣ್ಣ ಮನೆಗೆ ಹೋಗೋಣ ಅಂತ ನಿಮಗೆ ಆಸೆ, ಅವರು "ಇನ್ನೂ ಎರಡು ವರ್ಷ ನೋಡೋಣ" ಅನ್ನುತ್ತಾರೆ. ಹೋಗಬೇಕಾ, ಹೋದರೆ ಹಳೇ ಮನೆ ಮಾರಲೇಬೇಕಾ ಅಂತ ಕೇಳಿದ್ದೀರಿ. ನಾವು ಮೂರು ವರ್ಷದ ಹಿಂದೆ ಹೋದವರು. ಆಗ ನನಗೆ 68, ನಮ್ಮವರಿಗೆ 73. ನಮ್ಮ ಮನೆಯಲ್ಲೂ ಇದೇ ಮಾತು ಸುಮಾರು ಒಂದೂವರೆ ವರ್ಷ ನಡೆದಿತ್ತು, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಕೆಲಸ ಮಾಡಿ. ಇಬ್ಬರ ಲೆಕ್ಕ ಬಿಟ್ಟು ಒಬ್ಬರ ಲೆಕ್ಕ ಹಾಕಿ. ನಾವೆಲ್ಲ ಇಂಥ ತೀರ್ಮಾನ ಮಾಡುವಾಗ ಇಬ್ಬರೂ ಇರುತ್ತೇವೆ ಅಂತಲೇ ಯೋಚಿಸುತ್ತೇವೆ, ಅಲ್ವಾ? ನಮ್ಮ ಹಳೇ ಮನೆಯಲ್ಲಿ ಮೋಟಾರು, ಫ್ಯೂಸು, ಸೋರುವ ಮೇಲ್ಛಾವಣಿ ಎಲ್ಲ ಅವರ ಕೈಯಲ್ಲಿತ್ತು, ನನಗೆ ಕಾರು ಓಡಿಸಲು ಬರುವುದಿಲ್ಲ. ಇನ್ನೊಂದು ಕಡೆ, ನಾನಿಲ್ಲದಿದ್ದರೆ ಅವರು ವಾರಗಟ್ಟಲೆ ಯಾರ ಜೊತೆಯೂ ಒಂದು ಮಾತಾಡದೆ ಇದ್ದುಬಿಡುತ್ತಾರೆ. ಒಂದು ಸಂಜೆ ನಾನೇ ಧೈರ್ಯ ಮಾಡಿ ಕೇಳಿದೆ: "ನಮ್ಮಲ್ಲಿ ಒಬ್ಬರೇ ಉಳಿದರೆ ಈ ಮನೆ ನಡೆಸಲು ಆಗುತ್ತದಾ?" ಅವರು ಏನೂ ಹೇಳದೆ ಎದ್ದು ಹಿತ್ತಲಿಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದು ಒಂದು ಹಾಳೆ, ಪೆನ್ನು ತಗೊಂಡು ಕೂತರು. ಅವತ್ತಿನಿಂದ ನಮ್ಮ ಮಾತು ಬದಲಾಯಿತು. ನಿಮ್ಮ ಯಜಮಾನರು ಎರಡು ವರ್ಷ ಅನ್ನುವುದರ ಹಿಂದೆ ಏನಿದೆ ಅಂತ ನನಗೆ ಗೊತ್ತಿಲ್ಲ. ಆದರೆ ಸಣ್ಣ ಮನೆ ಚೆನ್ನ, ಕೆಲಸ ಕಮ್ಮಿ ಅಂತ ವಾದ ಮಾಡುವುದಕ್ಕಿಂತ ಈ ಪ್ರಶ್ನೆ ಕೇಳಿ ನೋಡಿ.

ಎರಡನೆಯದು, ಅಲ್ಲಿ ಇದ್ದು ನೋಡದೆ ಒಂದು ಪೈಸೆಯನ್ನೂ ಕೊಡಬೇಡಿ. ಒಂದು ಮಧ್ಯಾಹ್ನ ಹೋಗಿ ತಿರುಗಾಡಿ ಬಂದರೆ ಏನೂ ಗೊತ್ತಾಗುವುದಿಲ್ಲ. ತುಂಬಾ ಕಡೆ ಗೆಸ್ಟ್ ಮನೆ ಬಾಡಿಗೆಗೆ ಕೊಡುತ್ತಾರೆ, ಎರಡು ವಾರ ಇರಿ. ನಾವು ಮೊದಲು ಹೋದ ಜಾಗ ಫೋಟೋದಲ್ಲಿ ಹೇಗಿತ್ತೋ ಹಾಗೇ ಇತ್ತು. ಈಜುಕೊಳ, ಲೈಬ್ರರಿ, ಡ್ಯಾನ್ಸ್ ಕ್ಲಾಸು, ಎಲ್ಲ ಹೊಸದು. ನಾಲ್ಕನೇ ದಿನಕ್ಕೆ ನಮ್ಮವರು ಮಾತೇ ನಿಲ್ಲಿಸಿದರು. ಯಾಕೆ ಅಂತ ಆಮೇಲೆ ಹೊಳೆಯಿತು. ಅವರು ಜೀವನವಿಡೀ ಮರಗೆಲಸ ಮಾಡಿಕೊಂಡು ಬಂದವರು, ಅಲ್ಲಿ ಅವರ ಕೈಗೆ ಕೆಲಸವೇ ಇರಲಿಲ್ಲ. ಎಲ್ಲ ಕೂತು ನೋಡುವಂಥದ್ದು.

ಎರಡನೇ ಜಾಗ ಹಳೇದು, ಚಿಕ್ಕದು. ಹಿಂದುಗಡೆ ಒಂದು ಶೆಡ್ಡು. ಅದರೊಳಗೆ ಉದ್ದನೆಯ ಬೆಂಚು, ಗೋಡೆಯಲ್ಲಿ ಸಾಲಾಗಿ ನೇತುಹಾಕಿದ ಉಳಿಗಳು, ಮೂಲೆಯಲ್ಲಿ ಕಾಲು ಮುರಿದ ಮೂರು ಕುರ್ಚಿಗಳು. ಕೈ ನಡುಗುವ ಒಬ್ಬ ಹಿರಿಯರು "ಈ ಹಲಗೆ ಸ್ವಲ್ಪ ಹಿಡ್ಕೊಳ್ತೀರಾ?" ಅಂತ ನಮ್ಮವರನ್ನು ಕರೆದರು. ಅವತ್ತು ಊಟದ ಹೊತ್ತಾದರೂ ಬರಲಿಲ್ಲ, ನಾನೇ ಹೋಗಿ ಕರೆಯಬೇಕಾಯಿತು. ತಲೆತುಂಬ ಮರದ ಪುಡಿ. ನಾವಿರುವುದು ಈಗ ಅಲ್ಲೇ.

ಅಲ್ಲಿರುವಾಗ ದಂಪತಿಗಳ ಜೊತೆ ಮಾತಾಡಿದರೆ ಸಾಲದು, ಅಲ್ಲಿಗೆ ಬಂದ ಮೇಲೆ ಒಂಟಿಯಾದವರನ್ನು ಹುಡುಕಿ ಮಾತಾಡಿಸಿ. ನಾನು ಒಬ್ಬರನ್ನು ಕೇಳಿದೆ, "ಅವರು ಹೋದ ಮೇಲೆ ಇಲ್ಲಿ ಯಾರು ಬಂದರು?" ಅಂತ. ಆಕೆ ಎದುರು ಮನೆ ತೋರಿಸಿದರು. ಬೆಳಿಗ್ಗೆ ಒಂಬತ್ತಾದರೂ ಇವರ ಕಿಟಕಿಯ ಪರದೆ ಸರಿಯದಿದ್ದರೆ ಎದುರು ಮನೆಯವರು ಬಂದು ಬಾಗಿಲು ಬಡಿಯುತ್ತಾರಂತೆ. ನಾಲ್ಕು ವರ್ಷದಿಂದ. ನನಗೆ ಬೇಕಿದ್ದ ಉತ್ತರ ಅದು.

ಈಗ "ಆಕ್ಟಿವ್" ಅನ್ನುವ ಪದದ ಬಗ್ಗೆ. ಇದರಲ್ಲಿ ತುಂಬಾ ಜನ ಎಡವುತ್ತಾರೆ. ಈ ಥರದ ಜಾಗಗಳಿಗೆ ಹೆಸರು ತಂದದ್ದು ಅಮೆರಿಕದ ಅರಿಜೋನಾದ ಸನ್ ಸಿಟಿ. ಡೆಲ್ ವೆಬ್ ಅನ್ನುವ ಬಿಲ್ಡರ್ 1960ರ ಜನವರಿ 1ರಂದು ಅದನ್ನು ತೆರೆದಾಗ ಜನಕ್ಕೆ ತೋರಿಸಿದ್ದು ಮಾದರಿ ಮನೆಗಳು, ಗಾಲ್ಫ್ ಮೈದಾನ, ಮನರಂಜನಾ ಕೇಂದ್ರ, ಅಂಗಡಿಗಳು. ಓಡಾಡಿಕೊಂಡಿರುವವರಿಗೆ ಮಾಡಿದ ಊರು ಅದು. ಶುಶ್ರೂಷೆ ಅದರ ಉದ್ದೇಶವೇ ಆಗಿರಲಿಲ್ಲ. ಇವತ್ತಿಗೂ ಆಕ್ಟಿವ್ ಕಮ್ಯುನಿಟಿ ಅಂದರೆ ಬಹಳಷ್ಟು ಕಡೆ ಅಷ್ಟೇ ಅರ್ಥ. ನರ್ಸ್ ಇರುವುದಿಲ್ಲ, ಸ್ನಾನ ಮಾಡಿಸುವವರು ಇರುವುದಿಲ್ಲ. ಹಾಗಾಗಿ ನೇರವಾಗಿ ಕೇಳಿ: ನಡೆಯಲು ಆಗದೇ ಹೋದರೆ, ಮರೆವು ಬಂದರೆ ನಾವು ಇಲ್ಲೇ ಇರಬಹುದಾ? ಹೊರಗಿನಿಂದ ಸಹಾಯಕರನ್ನು ಇಟ್ಟುಕೊಳ್ಳಬಹುದಾ? ರಾತ್ರಿ ಅವರು ಮನೆಯಲ್ಲಿ ಮಲಗಬಹುದಾ? ಉತ್ತರ ಬಾಯಿಮಾತಲ್ಲಿ ಬೇಡ, ಬರವಣಿಗೆಯಲ್ಲಿ ತಗೊಳ್ಳಿ. ಕೊನೆತನಕ ನೋಡಿಕೊಳ್ಳುವ ಜಾಗಗಳು ಬೇರೆ ಇವೆ. ಅವುಗಳ ಕರಾರು, ಖರ್ಚು ಎರಡೂ ಬೇರೆ.

ವಯಸ್ಸಿನ ನಿಯಮವನ್ನೂ ಓದಿ. ಅಮೆರಿಕದಲ್ಲಿ 1995ರ ಕಾನೂನಿನ ಪ್ರಕಾರ 55 ದಾಟಿದವರಿಗೆ ಅಂತ ಇರುವ ಕಮ್ಯುನಿಟಿಯಲ್ಲಿ ಜನ ವಾಸವಿರುವ ಮನೆಗಳ ಪೈಕಿ ಕನಿಷ್ಠ 80 ಶೇಕಡಾ ಮನೆಗಳಲ್ಲಿ ಒಬ್ಬರಾದರೂ 55 ಅಥವಾ ಅದಕ್ಕಿಂತ ಜಾಸ್ತಿ ವಯಸ್ಸಿನವರು ಇರಬೇಕು. ಬೇರೆ ಕಡೆ ಬೇರೆ ನಿಯಮ. ನಿಮ್ಮಿಬ್ಬರಿಗೆ ವಯಸ್ಸಿನ ತೊಂದರೆ ಇಲ್ಲ, ಆದರೆ ಮೊಮ್ಮಕ್ಕಳು ರಜೆಗೆ ಬಂದರೆ ಎಷ್ಟು ದಿನ ಇರಬಹುದು ಅನ್ನುವುದಕ್ಕೂ ಹಲವು ಕಡೆ ಮಿತಿ ಇರುತ್ತದೆ. ಮಗಳು ಕಷ್ಟ ಅಂತ ಬಂದು ಆರು ತಿಂಗಳು ಇರಬೇಕಾದರೆ? ಕೇಳಿ.

ದುಡ್ಡಿನ ವಿಷಯದಲ್ಲಿ ನಾವು ಒಂದು ತಪ್ಪು ಮಾಡಿದೆವು. ತಿಂಗಳ ನಿರ್ವಹಣೆ ಎಷ್ಟು ಅಂತ ಕೇಳಿದೆವು, ಅದು ವರ್ಷಕ್ಕೆ ಎಷ್ಟು ಏರಬಹುದು ಅಂತ ಕೇಳಲಿಲ್ಲ. ಎರಡನೇ ವರ್ಷ ಏರಿಸಿದರು. ಅದರ ಮೇಲೆ ರಸ್ತೆ ರಿಪೇರಿಗೆ ಅಂತ ಪ್ರತಿ ಮನೆಯಿಂದ ಬೇರೆ ವಸೂಲಿ. ಎಲ್ಲ ಕರಾರಿನಲ್ಲಿ ಇತ್ತು, ನಾವು ಆ ಪುಟ ಸರಿಯಾಗಿ ಓದಿರಲಿಲ್ಲ. ಸಹಿ ಹಾಕುವ ಮುಂಚೆ ವಕೀಲರಿಗೆ ತೋರಿಸಿ. ಮನೆ ನಿಮ್ಮ ಹೆಸರಿಗೆ ಆಗುತ್ತದಾ ಅಥವಾ ವಾಸದ ಹಕ್ಕು ಮಾತ್ರ ಸಿಗುತ್ತದಾ, ಬಿಟ್ಟು ಹೋಗುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ, ದೊಡ್ಡ ರಿಪೇರಿಗೆ ಅಂತ ನಿಧಿ ಕೂಡಿಟ್ಟಿದ್ದಾರಾ, ನಿಮ್ಮ ಕಾಲಾನಂತರ ಮಕ್ಕಳು ಮನೆ ಮಾರುವವರೆಗೂ ತಿಂಗಳ ದುಡ್ಡು ಕಟ್ಟುತ್ತಲೇ ಇರಬೇಕಾ. ಈ ನಾಲ್ಕು ಸ್ಪಷ್ಟವಾಗದೆ ಮುಂದೆ ಹೋಗಬೇಡಿ.

ಸಾಮಾನು ಕಮ್ಮಿ ಮಾಡುವುದು ಮೈಗೆ ಕೆಲಸ, ಮನಸ್ಸಿಗೆ ಅದಕ್ಕಿಂತ ಜಾಸ್ತಿ. ನಾವು ಮಂಚ, ಮೇಜು, ಬೀರುಗಳ ಅಳತೆಗೆ ಹಳೇ ಪೇಪರ್ ಕತ್ತರಿಸಿಕೊಂಡು ಹೋಗಿ ಹೊಸ ಮನೆಯ ನೆಲದ ಮೇಲೆ ಹಾಸಿ ನೋಡಿದೆವು. ಆರು ಕುರ್ಚಿಯ ಊಟದ ಮೇಜು ಹಾಸಿದರೆ ಬಾಗಿಲು ತೆರೆಯಲು ಜಾಗವೇ ಇಲ್ಲ. ಮಕ್ಕಳಿಗೆ ಕೊಡೋಣ ಅಂದುಕೊಂಡೆವು, ಅವರಿಗೂ ಬೇಡ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ವರ್ಷ ಮಕ್ಕಳ ಎತ್ತರ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆವು. ನಮ್ಮವರು ಆ ಪಟ್ಟಿಯನ್ನು ಮಾತ್ರ ಹುಷಾರಾಗಿ ಬಿಚ್ಚಿ, ಅಲ್ಲಿಗೆ ಬೇರೆ ಮರ ಕೂರಿಸಿದರು. ಅದು ಈಗ ನಮ್ಮ ಮಂಚದ ಪಕ್ಕ ನಿಂತಿದೆ. ಈ ಕೆಲಸವನ್ನು ಮೈಯಲ್ಲಿ ಶಕ್ತಿ ಇರುವಾಗಲೇ, ನಿಮ್ಮ ಕೈಯಾರೆ ಮಾಡಿ. ಆಸ್ಪತ್ರೆಯಿಂದ ಬಂದ ಮೇಲೆ ಯಾರೋ ಬೇರೆಯವರು ಗಡಿಬಿಡಿಯಲ್ಲಿ ಮಾಡುವ ಹಾಗಾಗಬಾರದು. ಎರಡು ವರ್ಷ ಕಾಯುವುದರಲ್ಲಿ ನನಗೆ ಹೆದರಿಕೆ ಅದೊಂದೇ.

ಕಷ್ಟಗಳೂ ಇವೆ. ಮಕ್ಕಳ ಗಲಾಟೆ ಕಿವಿಗೆ ಬೀಳುವುದಿಲ್ಲ. ಮೊದಲ ಆರು ತಿಂಗಳು ಆ ಮೌನ ನನಗೆ ತಡೆಯಲು ಆಗಲಿಲ್ಲ. ಮೂರು ವರ್ಷದಲ್ಲಿ ಏಳು ಜನರನ್ನು ಕಳಕೊಂಡಿದ್ದೇವೆ. ಆ ಹಲಗೆ ಹಿಡಿಸಿದವರೂ ಈಗಿಲ್ಲ. ಸ್ನೇಹ ಬೇಗ ಆಗುತ್ತದೆ, ಅಷ್ಟೇ ಬೇಗ ಸಂಕಟವೂ ಬರುತ್ತದೆ.

ಇನ್ನೊಂದು ಮಾತು. ಈಗಿರುವ ಜಾಗದಲ್ಲೇ ನಿಮ್ಮ ಪರದೆ ಸರಿಯದಿದ್ದರೆ ಬಂದು ಬಾಗಿಲು ಬಡಿಯುವವರು ಇದ್ದಾರಾ? ಇದ್ದರೆ ದಯವಿಟ್ಟು ಹೋಗಬೇಡಿ. ಮಲಗುವ ಕೋಣೆಯನ್ನು ಕೆಳಗಿನ ಅಂತಸ್ತಿಗೆ ತನ್ನಿ, ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ಜಾರದ ನೆಲ ಮಾಡಿಸಿ, ಮೇಲಿನ ರೂಮುಗಳನ್ನು ಬಾಡಿಗೆಗೆ ಕೊಡಿ. ಅಂಥ ಅಕ್ಕಪಕ್ಕದವರನ್ನು ಎಲ್ಲೂ ದುಡ್ಡು ಕೊಟ್ಟು ತರಲು ಆಗುವುದಿಲ್ಲ. ನಮಗೆ ಅವರು ಇರಲಿಲ್ಲ. ಹಳಬರೆಲ್ಲ ಹೋಗಿ, ಹೊಸಬರ ಹೆಸರೇ ಗೊತ್ತಿರಲಿಲ್ಲ.

ಮನೆ ಮಾರುವ ವಿಷಯ: ನಿಮಗೆ ಅನುಕೂಲ ಇದ್ದರೆ ತಕ್ಷಣ ಮಾರಬೇಡಿ. ನಾವು ಹಳೇ ಮನೆಯನ್ನು ಒಂದು ವರ್ಷ ಬಾಡಿಗೆಗೆ ಕೊಟ್ಟು, ಇಲ್ಲೂ ಬಾಡಿಗೆಗೇ ಇದ್ದೆವು. ವಾಪಸ್ ಹೋಗುವ ದಾರಿ ಇದೆ ಅಂತ ಗೊತ್ತಿದ್ದರಿಂದಲೇ ನಮ್ಮವರು ಒಪ್ಪಿದ್ದು. ಹನ್ನೊಂದನೇ ತಿಂಗಳಲ್ಲಿ ಬಾಡಿಗೆದಾರರು ಇನ್ನೊಂದು ವರ್ಷ ಇರಬಹುದಾ ಅಂತ ಫೋನ್ ಮಾಡಿದರು. ನಾನು ನಮ್ಮವರ ಮುಖ ನೋಡಿದೆ. "ಕೊಳ್ಳುತ್ತಾರಾ ಅಂತ ಕೇಳು" ಅಂದರು.